ಇಂಡಕ್ಷನ್ ಸ್ಟೌ ಬಂತು, ಲೈನ್ ಟೆಸ್ಟ್ ಮಾಡಿದವರು ಯಾರು?

ತಿಪಟೂರು: ಪಾತ್ರೆ ಅಂಗಡಿಗೆ ಹೋದ್ರೆ ಈಗ ಪ್ರೆಶರ್ ಕುಕ್ಕರ್ ಪಕ್ಕದಲ್ಲೇ ಇಂಡಕ್ಷನ್ ಸ್ಟೌಗಳ ಸಾಲು. ಕಾರಣ ಹುಡುಕಬೇಕಿಲ್ಲ. 2025ರ ಏಪ್ರಿಲ್‌ನಲ್ಲಿ ಮನೆ ಬಳಕೆಯ ಸಿಲಿಂಡರ್ ಒಂದೇ ಸಲಕ್ಕೆ 50 ರೂಪಾಯಿ ಏರಿತು. ಹೋಟೆಲ್‌ನವರು 19 ಕೆ.ಜಿ. ಸಿಲಿಂಡರ್ ದರ ಈ ಸಲ ಎಷ್ಟಾಗುತ್ತೋ ಅಂತ ಪ್ರತಿ ತಿಂಗಳ ಒಂದನೇ ತಾರೀಕು ನೋಡ್ತಾ ಇರಬೇಕು. ಮನೆಗಳಿಗೆ ಗೃಹಜ್ಯೋತಿ ಇದೆ. ಕೇಂದ್ರದ ಇಇಎಸ್‌ಎಲ್ ಕೂಡ 2023ರ ನವೆಂಬರ್‌ನಲ್ಲಿ 20 ಲಕ್ಷ ಇಂಡಕ್ಷನ್ ಸ್ಟೌ ವಿತರಿಸುವ ಕಾರ್ಯಕ್ರಮ ಘೋಷಿಸಿತು. ಒಟ್ಟಿನಲ್ಲಿ ಅಡುಗೆ ಗ್ಯಾಸಿನಿಂದ ಕರೆಂಟಿಗೆ ಬರ್ತಾ ಇದೆ. ಆದರೆ ಆ ಕರೆಂಟು ಬರುವ ವೈರು ಇಪ್ಪತ್ತು ವರ್ಷ ಹಳೆಯದು, ಬಲ್ಬು-ಫ್ಯಾನಿಗೆ ಅಂತ ಎಳೆದದ್ದು.

ಸ್ಟೌ ಮಾರಿದವರ ಕೆಲಸ ಬಿಲ್ ಕೊಟ್ಟು ವಾರಂಟಿ ಕಾರ್ಡಿಗೆ ಸೀಲ್ ಹಾಕಿದ ಮೇಲೆ ಮುಗಿಯಿತು. ಬೆಸ್ಕಾಂ ಹೊಣೆ ಮೀಟರ್‌ವರೆಗೆ, ಅಲ್ಲಿಂದಾಚೆ ಗ್ರಾಹಕರದ್ದು. ಹೊಸ ಕನೆಕ್ಷನ್ ಕೊಡುವಾಗ ಲೈಸೆನ್ಸ್ ಇರುವ ಗುತ್ತಿಗೆದಾರರಿಂದ ವೈರಿಂಗ್ ವರದಿ ಕೇಳ್ತಾರೆ. ಅದಾದ ಮೇಲೆ ಆ ಮನೆಗೋ ಅಂಗಡಿಗೋ ಎಷ್ಟು ಭಾರ ಸೇರಿತು ಅಂತ ಒಳಗೆ ಬಂದು ನೋಡುವವರಿಲ್ಲ. ಲೈನ್ ಟೆಸ್ಟ್ ಯಾರ ಪಾಲಿಗೂ ಬರದ ಕೆಲಸವಾಗಿ ಉಳಿದಿದೆ.

ಲೆಕ್ಕ ಸರಳ. 2000 ವ್ಯಾಟ್ ಸ್ಟೌ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತೆ. ಮೊಬೈಲ್ ಚಾರ್ಜರ್ ಹಾಕುವ ಚಿಕ್ಕ ಸಾಕೆಟ್ ತಾಳುವುದು 6 ಆಂಪಿಯರ್. ಸ್ಟೌ ಜೊತೆ ದಪ್ಪ ಪಿನ್ನಿನ ಪ್ಲಗ್ ಬಂದರೆ ನಾವೇನು ಮಾಡ್ತೀವಿ? ಪಕ್ಕದ ಅಂಗಡಿಯಲ್ಲಿ ಕನ್ವರ್ಷನ್ ಪ್ಲಗ್ ತಂದು ಚಿಕ್ಕ ಸಾಕೆಟ್ಟಿಗೇ ತುರುಕ್ತೀವಿ. ಬಿಸಿ ಏರುವುದು ಕರೆಂಟಿನ ವರ್ಗಕ್ಕೆ ತಕ್ಕಂತೆ. 6ರ ಜಾಗದಲ್ಲಿ 8.7 ಹರಿದರೆ ಸಾಕೆಟ್ ಒಳಗಿನ ಬಿಸಿ ಎರಡು ಪಟ್ಟಿಗಿಂತ ಜಾಸ್ತಿ. ಸಾಕೆಟ್ ಹಳದಿಯಾಗಿ, ಸುಟ್ಟ ವಾಸನೆ ಬರುವುದು ಇದಕ್ಕೇ. ನನ್ನ ಮಟ್ಟಿಗೆ ಇವತ್ತು ಅಡುಗೆಮನೆಯಲ್ಲಿ ಅತಿ ಅಪಾಯದ ವಸ್ತು ಸ್ಟೌ ಅಲ್ಲ, ಆ ಕನ್ವರ್ಷನ್ ಪ್ಲಗ್ಗು. ಹೋಟೆಲ್‌ಗಳ 3500 ವ್ಯಾಟ್ ಸ್ಟೌ 15 ಆಂಪಿಯರ್ ದಾಟುತ್ತೆ. ಅದು 16 ಆಂಪಿಯರ್ ಸಾಕೆಟ್ಟಿನ ಅಂಚು. ಇಂಥದ್ದಕ್ಕೆ ಡಿಸ್ಟ್ರಿಬ್ಯೂಷನ್ ಬೋರ್ಡಿನಿಂದಲೇ ಬೇರೆ ಲೈನು, 4 ಚದರ ಮಿ.ಮೀ. ತಾಮ್ರದ ವೈರು, ಅದಕ್ಕೇ ಅಂತ ಒಂದು ಎಂಸಿಬಿ ಬೇಕು. 5000 ವ್ಯಾಟ್‌ನದಕ್ಕೆ ಪ್ಲಗ್ಗೇ ಸಲ್ಲದು, ಐಸೋಲೇಟರ್ ಹಾಕಿ ನೇರ ಕನೆಕ್ಷನ್ ಕೊಡಬೇಕು.

ಇಷ್ಟು ಗೊತ್ತಿರುವ ಎಲೆಕ್ಟ್ರಿಷಿಯನ್‌ಗಳು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಎಡವೋದು ಅರ್ತಿಂಗ್ ವಿಷಯದಲ್ಲಿ. ಫೇಸ್‌ಗೂ ಅರ್ತ್‌ಗೂ ಮಧ್ಯೆ ಒಂದು ಬಲ್ಬ್ ಹಿಡಿದು, ಉರಿದರೆ "ಅರ್ತ್ ಚೆನ್ನಾಗಿದೆ ಸಾರ್" ಅಂತಾರೆ. 100 ವ್ಯಾಟ್ ಬಲ್ಬ್ ಉರಿಯೋಕೆ ಅರ್ಧ ಆಂಪಿಯರ್ ಕೂಡ ಬೇಡ. ಸ್ಟೌ ಒಳಗೆ ಫೇಸ್ ವೈರು ಬಾಡಿಗೆ ತಾಗಿದರೆ ಎಂಸಿಬಿ ಬೀಳಲು ಹತ್ತಾರು ಆಂಪಿಯರ್ ಭೂಮಿಗೆ ಹರಿಯಬೇಕು. ಅರ್ತ್ ಗುಂಡಿಯ ರೆಸಿಸ್ಟೆನ್ಸ್ 20 ಓಮ್ ಇದ್ದರೆ ಹರಿಯುವುದು 11.5 ಆಂಪಿಯರ್ ಮಾತ್ರ. 16 ಆಂಪಿಯರ್ ಎಂಸಿಬಿ ಅದನ್ನು ಒಂದು ಮಾಮೂಲಿ ಸ್ಟೌ ಅಂದುಕೊಂಡು ಸುಮ್ಮನಿರುತ್ತೆ. ಸ್ಟೀಲ್ ಕೌಂಟರ್ ಮುಟ್ಟಿದವರ ಮೈಗೆ ಕರೆಂಟು. ನಮ್ಮ ಬಯಲುಸೀಮೆಯ ಮಣ್ಣು ಮಾರ್ಚ್ ಹೊತ್ತಿಗೆ ಒಣಗಿ ಬಿರುಕು ಬಿಡುತ್ತೆ. ಮಳೆಗಾಲದಲ್ಲಿ ಸರಿಯಿದ್ದ ಗುಂಡಿ ಬೇಸಿಗೆಯಲ್ಲೂ ಹಾಗೇ ಇರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಇದಕ್ಕಿಂತ ಕೆಟ್ಟದ್ದು, ಗುಂಡಿಯೇ ತೋಡದೆ ಸಾಕೆಟ್ ಒಳಗೆ ನ್ಯೂಟ್ರಲ್‌ಗೇ ಅರ್ತ್ ಸೇರಿಸಿಬಿಡೋದು. ಎಲ್ಲೋ ನ್ಯೂಟ್ರಲ್ ಕಡಿದ ದಿನ ಸ್ಟೌ, ಫ್ರಿಜ್, ಗ್ರೈಂಡರ್ ಬಾಡಿಗೆಲ್ಲ ಕರೆಂಟ್ ಬರುತ್ತೆ.

ಅದಕ್ಕೇ 30 ಮಿಲಿಆಂಪಿಯರ್ ಆರ್‌ಸಿಸಿಬಿ ಬೇಕು ಅನ್ನೋದು. ಎಂಸಿಬಿ ಕಾಯುವುದು ವೈರನ್ನು, ಆರ್‌ಸಿಸಿಬಿ ಕಾಯುವುದು ಮನುಷ್ಯನನ್ನು. ತರುವಾಗ "ಟೈಪ್ ಎ" ಅಂತ ಕೇಳಿ ತನ್ನಿ. ಇಂಡಕ್ಷನ್‌ನಂಥ ಎಲೆಕ್ಟ್ರಾನಿಕ್ ಸಾಮಾನಿಗೆ ಅದೇ ಒಪ್ಪುವುದು, ಅಗ್ಗದ "ಎಸಿ" ಟೈಪ್ ಅಲ್ಲ.

ಹಾಗಾದರೆ ಸ್ಟೌ ಕೂರಿಸುವ ಮುಂಚೆ ಏನು ಟೆಸ್ಟ್ ಮಾಡಿಸಬೇಕು? ಮೇನ್ ಆಫ್ ಮಾಡಿ, ಸಾಕೆಟ್ಟಿನ ದೊಡ್ಡ ತೂತಿನಿಂದ ಅರ್ತ್ ಗುಂಡಿಯವರೆಗೆ ವೈರು ಕಡಿಯದೆ ಇದೆಯಾ ಅಂತ ಮೀಟರ್ ಹಿಡಿದು ನೋಡಬೇಕು. ಆಮೇಲೆ 500 ವೋಲ್ಟ್ ಮೆಗ್ಗರ್‌ನಿಂದ ವೈರಿನ ಇನ್ಸುಲೇಷನ್ ಅಳೆಯಬೇಕು. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಆ ವೈರಿಗೆ ಸ್ಟೌ ಬೇಡ. ಮೆಗ್ಗರ್ ಹಾಕುವಾಗ ಸ್ಟೌ, ಟಿವಿ, ಎಲ್‌ಇಡಿ ಬಲ್ಬ್ ಎಲ್ಲ ಕಳಚಿಡಿ, ಇಲ್ಲದಿದ್ದರೆ ಬೋರ್ಡ್ ಸುಟ್ಟು ಹೊಸ ಜಗಳ ಶುರುವಾಗುತ್ತೆ. ಕರೆಂಟ್ ಕೊಟ್ಟ ಮೇಲೆ ಎದುರಿಂದ ನೋಡಿದರೆ ಫೇಸ್ ಬಲಗಡೆ ತೂತಿನಲ್ಲಿರಬೇಕು, ಸ್ವಿಚ್ ಕಡಿಯುವುದು ಫೇಸನ್ನೇ ಆಗಿರಬೇಕು. ಅರ್ತ್ ರೆಸಿಸ್ಟೆನ್ಸನ್ನು ಬಲ್ಬಿನಿಂದಲ್ಲ, ಟೆಸ್ಟರ್‌ನಿಂದ ಅಳೆಯಿಸಿ. ಕೊನೆಗೆ ಆರ್‌ಸಿಸಿಬಿ 30 ಮಿಲಿಆಂಪಿಯರ್ ಸೋರಿಕೆಗೆ 0.3 ಸೆಕೆಂಡಿನೊಳಗೆ ಬೀಳಬೇಕು. ಅದರ ಮೇಲಿನ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ, ಆದರೆ ಆ ಬಟನ್ ಹೇಳೋದು ಡಬ್ಬಿಯೊಳಗಿನ ಯಂತ್ರ ಸರಿಯಿದೆ ಅಂತ ಅಷ್ಟೇ, ಅರ್ತಿಂಗ್ ಸರಿಯಿದೆ ಅಂತಲ್ಲ.

ಬೇಕರಿಯವರಿಗೆ ಒಂದು ಮಾತು. ಕಾಯಿಲ್ ಇರುವ ಓವನ್, ಹಾಟ್‌ಪ್ಲೇಟ್ ಗೋಡೌನ್‌ನಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದರೆ ಎಲಿಮೆಂಟಿನ ಒಳಗಿನ ಪುಡಿ ತೇವ ಎಳೆದುಕೊಂಡಿರುತ್ತೆ. ಮೊದಲ ಸಲ ಹಾಕಿದಾಗ ಆರ್‌ಸಿಸಿಬಿ ಬೀಳುವುದು ಅದಕ್ಕೂ ಇರಬಹುದು. ಆಗ ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿಸಿ ವ್ಯಾಪಾರ ನಡೆಸುವವರಿದ್ದಾರೆ. ದಯವಿಟ್ಟು ಬೇಡ. ಎಲಿಮೆಂಟ್ ಬಿಚ್ಚಿಸಿ ಒಣಗಿಸಿ, ಮತ್ತೆ ಮೆಗ್ಗರ್ ಹಾಕಿಸಿ.

ಇಷ್ಟೆಲ್ಲಕ್ಕೂ ಮೀಟರ್‌ಗಳು ಕೈಯಲ್ಲಿದ್ದರೆ ಒಂದು ಗಂಟೆ ಸಾಕು. ರೀಡಿಂಗ್‌ಗಳನ್ನು ಚೀಟಿಯಲ್ಲಿ ಬರೆಸಿ, ತಾರೀಕು ಮತ್ತು ಸಹಿ ಹಾಕಿಸಿಕೊಳ್ಳಿ. ಸಹಿ ಹಾಕಬೇಕು ಅಂದ ಕೂಡಲೇ ಕೆಲಸದ ರೀತಿಯೇ ಬೇರೆಯಾಗುತ್ತೆ. ಸ್ಟೌ ಮಾರುವ ಅಂಗಡಿಯವರೂ ಬಿಲ್ ಬರೆಯುವಾಗ "ಮನೇಲಿ 16 ಆಂಪಿಯರ್ ಪಾಯಿಂಟ್ ಇದೆಯಾ?" ಅಂತ ಒಂದು ಪ್ರಶ್ನೆ ಕೇಳಿದರೆ ಅವರಿಗೇನೂ ನಷ್ಟವಿಲ್ಲ. ಎರಡು ಮೀಟರ್ ವೈರು, ಒಂದು ಸಾಕೆಟ್ಟು ಜಾಸ್ತಿ ವ್ಯಾಪಾರವಾದೀತು.

ಇನ್ನು ಲೋಡ್ ವಿಷಯ. 1 ಕಿಲೋವ್ಯಾಟ್ ಮಂಜೂರಾದ ಅಂಗಡಿಯಲ್ಲಿ 3.5 ಕಿಲೋವ್ಯಾಟ್ ಸ್ಟೌ ಉರಿಸುವವರು ಹೆಚ್ಚುವರಿ ಲೋಡ್‌ಗೆ ಅರ್ಜಿ ಹಾಕುವುದಿಲ್ಲ, ಯಾಕಂದರೆ ನಿಗದಿತ ಶುಲ್ಕ ಕಿಲೋವ್ಯಾಟ್ ಲೆಕ್ಕದಲ್ಲಿ ಏರುತ್ತೆ. ಅರ್ಜಿ ಬರದಿದ್ದರೆ ಬೀದಿಯ ಟ್ರಾನ್ಸ್‌ಫಾರ್ಮರ್ ಮೇಲೆ ಎಷ್ಟು ಭಾರ ಬಿದ್ದಿದೆ ಅಂತ ಬೆಸ್ಕಾಂ ಕಾಗದದಲ್ಲಿ ಕಾಣುವುದಿಲ್ಲ, ಸಂಜೆ ಏಳಕ್ಕೆ ವೋಲ್ಟೇಜ್ ಇಳಿಯುವುದು ಮಾತ್ರ ಎಲ್ಲರಿಗೂ ಕಾಣುತ್ತೆ. ಹೆಚ್ಚುವರಿ ಲೋಡ್ ಕೊಡುವಾಗ ಒಳಗಿನ ಲೈನಿನ ಟೆಸ್ಟ್ ರೀಡಿಂಗ್ ಕಡ್ಡಾಯವಾಗಿ ನೋಡಿ, ಶುಲ್ಕದಲ್ಲಿ ಒಂದಿಷ್ಟು ರಿಯಾಯಿತಿ ಕೊಟ್ಟರೆ ಅರ್ಜಿಗಳು ತಾವಾಗಿಯೇ ಬರುತ್ತವೆ.

ಬಾಡಿಗೆ ಮಳಿಗೆಗಳಲ್ಲಿ ತೊಡಕು ಹೆಚ್ಚು. ಆರ್‌ಆರ್ ನಂಬರ್ ಮಾಲೀಕರ ಹೆಸರಲ್ಲಿ, ಸ್ಟೌ ಬಾಡಿಗೆದಾರರದ್ದು. ವೈರಿಂಗ್ ಬದಲಿಸಿ ಅಂದರೆ ಮಾಲೀಕರು "ನೀವೇ ಮಾಡಿಸ್ಕೊಳ್ಳಿ" ಅಂತಾರೆ, ಬಾಡಿಗೆದಾರರು "ನಾಳೆ ಖಾಲಿ ಮಾಡಿಸಿದರೆ?" ಅಂತ ಹಿಂಜರಿಯುತ್ತಾರೆ. ಮುಂದಿನ ಸಲ ಕರಾರು ಪತ್ರ ನವೀಕರಿಸುವಾಗ ಮಂಜೂರಾದ ಲೋಡ್ ಎಷ್ಟು, ಅರ್ತಿಂಗ್ ರೀಡಿಂಗ್ ಎಷ್ಟು, ರಿಪೇರಿ ಖರ್ಚು ಯಾರದ್ದು ಅಂತ ಮೂರು ಸಾಲು ಸೇರಿಸಿಕೊಳ್ಳಿ. ಸಾಕೆಟ್ ಬಿಸಿಯಾಗ್ತಿದ್ದರೆ ಇವತ್ತೇ ಆಫ್ ಮಾಡಿ ಎಲೆಕ್ಟ್ರಿಷಿಯನ್ ಕರೆಸಿ. ಕಂಬದಿಂದ ಮೀಟರ್‌ವರೆಗಿನ ದೋಷವಾದರೆ ಬೆಸ್ಕಾಂ ಸಹಾಯವಾಣಿ 1912.