5 ನಿಮಿಷ 14 ಸೆಕೆಂಡುಗಳ ಬೆಲೆ ಎಷ್ಟು? ಕುರುಬೂರಿನ ಚೈತ್ರಾ ಓಟದ ಲೆಕ್ಕಾಚಾರ

ತಿ. ನರಸೀಪುರ: ಅಂಕಪಟ್ಟಿಯನ್ನಷ್ಟೇ ನೋಡಿದರೆ ಆ ಓಟದಿಂದ ಭಾರತಕ್ಕೆ ದೊರೆತದ್ದು ಕೇವಲ 5 ಅಂಕ. ಗೆಲುವಿನ ಅಂತರ 38 ಅಂಕ. ಹೀಗಿದ್ದೂ 2025ರ ಜನವರಿ 19ರಂದು ನವದೆಹಲಿಯ ಇಂದಿರಾ ಗಾಂಧಿ ಒಳಾಂಗಣ ಕ್ರೀಡಾಂಗಣದಲ್ಲಿ ನಡೆದ ಚೊಚ್ಚಲ ಖೋ ಖೋ ವಿಶ್ವಕಪ್‌ನ ಮಹಿಳೆಯರ ಫೈನಲ್‌ನಲ್ಲಿ ಶ್ರೇಷ್ಠ ಆಟಗಾರ್ತಿ ಎಂಬ ಗೌರವ ಸಂದದ್ದು ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಅವರಿಗೆ. ನೇಪಾಳವನ್ನು 78–40ರಿಂದ ಮಣಿಸಿದ ತಂಡದಲ್ಲಿ ಹೆಚ್ಚು ಅಂಕ ತಂದವರು ಬೆನ್ನಟ್ಟುವ ಆಟಗಾರ್ತಿಯರು. ಅವರನ್ನು ಬಿಟ್ಟು ತಪ್ಪಿಸಿಕೊಂಡು ಓಡಿದವರಿಗೆ ಪ್ರಶಸ್ತಿ ಏಕೆ ಎಂಬ ಪ್ರಶ್ನೆ ಸಹಜ.

ಇದು ಒಂದು ಪ್ರಶಸ್ತಿಗೆ ಸೀಮಿತವಾದ ಪ್ರಶ್ನೆಯಲ್ಲ. ಒಂದು ದಿನ ಅಸಾಧಾರಣವಾಗಿ ಆಡಿ ಮರುದಿನ ಮಂಕಾಗಬಹುದಾದ ಆಟಗಾರರ ಮೌಲ್ಯವನ್ನು ಅಳೆಯುವುದು ಹೇಗೆ ಎಂಬುದು ಎಲ್ಲ ತಂಡಗಳನ್ನೂ ಕಾಡುವ ಸಮಸ್ಯೆ. ಕಪಿಲೆಯ ದಂಡೆಗುಂಟ ನಂಜನಗೂಡಿನಿಂದ ತಿ. ನರಸೀಪುರದವರೆಗಿನ ಶಾಲಾ ಮೈದಾನಗಳಲ್ಲಿ ತಾಲ್ಲೂಕು ತಂಡಕ್ಕೆ ಮಕ್ಕಳನ್ನು ಆರಿಸುವ ದೈಹಿಕ ಶಿಕ್ಷಣ ಶಿಕ್ಷಕರಿಗೂ ಇದೇ ಸಮಸ್ಯೆ ಎದುರಾಗುತ್ತದೆ. ಹೀಗಾಗಿ ಫೈನಲ್‌ನ ಅಂಕಿಗಳನ್ನು ಬಿಡಿಸಿ ನೋಡುವುದು ಉಪಯುಕ್ತ.

ಅಂಕ ಬಂದ ಬಗೆ

ವಿಶ್ವಕಪ್‌ನ ಪಂದ್ಯದಲ್ಲಿ ತಲಾ 7 ನಿಮಿಷಗಳ ನಾಲ್ಕು ಸರದಿಗಳಿದ್ದವು. ಎರಡು ಸರದಿಗಳಲ್ಲಿ ಒಂದು ತಂಡ ಬೆನ್ನಟ್ಟಿದರೆ ಉಳಿದೆರಡರಲ್ಲಿ ಇನ್ನೊಂದು ತಂಡ ಬೆನ್ನಟ್ಟುತ್ತದೆ. ಎದುರಾಳಿಯೊಬ್ಬರನ್ನು ಮುಟ್ಟಿ ಔಟ್ ಮಾಡಿದರೆ 2 ಅಂಕ. ಓಡುವ ತಂಡದವರು ಮೂವರ ಬ್ಯಾಚ್‌ಗಳಲ್ಲಿ ಅಂಗಣಕ್ಕಿಳಿಯುತ್ತಾರೆ. ಒಂದು ಬ್ಯಾಚ್ ಪೂರ್ತಿ ಔಟಾಗದೆ 3 ನಿಮಿಷ ಉಳಿದರೆ 1 ಅಂಕ, ಅನಂತರದ ಪ್ರತಿ 30 ಸೆಕೆಂಡಿಗೆ ಮತ್ತೊಂದು ಅಂಕ. ಇದಕ್ಕೆ ‘ಡ್ರೀಮ್ ರನ್’ ಎಂದು ಹೆಸರು.

ಫೈನಲ್‌ನ ಮೊದಲ ಸರದಿಯಲ್ಲಿ ಭಾರತ 34 ಅಂಕ ಗಳಿಸಿತು, ಎಂದರೆ 17 ಮಂದಿ ಔಟ್. ಎರಡನೆಯ ಸರದಿಯಲ್ಲಿ ನೇಪಾಳ 24 ಅಂಕ ಪಡೆಯಿತು. ಅದೇ ಅವಧಿಯಲ್ಲಿ ಭಾರತಕ್ಕೆ ಡ್ರೀಮ್ ರನ್‌ನ 1 ಅಂಕ ಸೇರಿ ಸ್ಕೋರು 35–24 ಆಯಿತು. ಮೂರನೆಯ ಸರದಿಯಲ್ಲಿ 19 ಮಂದಿಯನ್ನು ಔಟ್ ಮಾಡಿ ಭಾರತ 73–24ಕ್ಕೆ ಜಿಗಿಯಿತು. ಕೊನೆಯ ಸರದಿಯಲ್ಲಿ ನೇಪಾಳ 16 ಅಂಕ ಸೇರಿಸಿದರೆ, ಚೈತ್ರಾ ಮುಂಚೂಣಿಯಲ್ಲಿದ್ದ ಬ್ಯಾಚ್ 5 ನಿಮಿಷ 14 ಸೆಕೆಂಡು ಉಳಿದು 5 ಅಂಕ ತಂದಿತು.

ಭಾರತದ 78 ಅಂಕಗಳಲ್ಲಿ 72 ಬಂದದ್ದು ಬೆನ್ನಟ್ಟುವಿಕೆಯಿಂದ. ಓಡಿದವರು ತಂದದ್ದು 6. ಇಷ್ಟಕ್ಕೇ ಲೆಕ್ಕ ಮುಗಿಸಿದರೆ ಚೈತ್ರಾ ಅವರ ಓಟ ಗೆಲುವಿನ ಊಟದ ಮೇಲಿನ ಉಪ್ಪಿನಕಾಯಿಯಂತೆ ಕಾಣುತ್ತದೆ. ಆದರೆ ಓಡುವವರ ಆಟವನ್ನು ಅವರು ಗಳಿಸಿದ ಅಂಕಗಳಿಂದಲ್ಲ, ಎದುರಾಳಿಗೆ ಗಳಿಸಲು ಬಿಡದ ಅಂಕಗಳಿಂದ ಅಳೆಯಬೇಕಾಗುತ್ತದೆ.

ಕಾಣದ ಅಂಕಗಳು

ಕೊನೆಯ ಸರದಿಯಲ್ಲಿ ನೇಪಾಳಕ್ಕೆ ದೊರೆತ ಔಟ್‌ಗಳು 8. ಡ್ರೀಮ್ ರನ್ ನಡೆಸಿದ ಬ್ಯಾಚ್‌ನಲ್ಲಿ ಇದ್ದವರೇ ಮೂವರು. ಅವರೆಲ್ಲರೂ ಔಟಾದರೆಂದು ಲೆಕ್ಕ ಹಿಡಿದರೂ ಇತರ ಬ್ಯಾಚ್‌ಗಳಿಂದ ಕನಿಷ್ಠ 5 ಔಟ್‌ಗಳು ಬಂದಿರಲೇಬೇಕು. 7 ನಿಮಿಷಗಳಲ್ಲಿ 5 ನಿಮಿಷ 14 ಸೆಕೆಂಡನ್ನು ಕಳೆದರೆ ಉಳಿಯುವುದು 1 ನಿಮಿಷ 46 ಸೆಕೆಂಡು, ಅಂದರೆ 106 ಸೆಕೆಂಡು. ಈ 106 ಸೆಕೆಂಡುಗಳಲ್ಲಿ ಕನಿಷ್ಠ ಐವರು ಔಟಾದರೆಂದರೆ ಸರಾಸರಿ 21 ಸೆಕೆಂಡಿಗೆ ಒಬ್ಬರು.

ಇದೇ ವೇಗ 7 ನಿಮಿಷವೂ ಮುಂದುವರಿದಿದ್ದರೆ ನೇಪಾಳಕ್ಕೆ ಸುಮಾರು 20 ಔಟ್‌ಗಳು, 40 ಅಂಕಗಳು ದೊರೆಯುತ್ತಿದ್ದವು. ಆಗ ಅಂತಿಮ ಸ್ಕೋರು 73–64ರ ಆಸುಪಾಸಿನಲ್ಲಿ ನಿಲ್ಲುತ್ತಿತ್ತು. 38 ಅಂಕಗಳ ಅಂತರ 9ಕ್ಕೆ ಇಳಿಯುತ್ತಿತ್ತು. 5 ಅಂಕವೆಂದು ದಾಖಲಾದ ಓಟದ ನೈಜ ತೂಕ 29 ಅಂಕಗಳಷ್ಟು ಎಂದು ಈ ಲೆಕ್ಕ ಸೂಚಿಸುತ್ತದೆ. ಅದೇ ಸರದಿಯಲ್ಲಿ ಉಳಿದವರು ಬೇಗ ಬೇಗ ಔಟಾದದ್ದೇ ಆ ಮೂವರು ನಿಂತ ಹೊತ್ತಿನ ಬೆಲೆಯನ್ನು ಎತ್ತಿ ತೋರಿಸುತ್ತದೆ.

ಈ ಲೆಕ್ಕಕ್ಕೆ ಎರಡು ಮಿತಿಗಳಿವೆ. ಮೊದಲನೆಯದು, ಓಟ ಮೂವರದ್ದು. ಚೈತ್ರಾ ಮುಂದಾಳಾಗಿದ್ದರೂ ಜೊತೆಗಿದ್ದವರ ಪಾಲನ್ನು ಕಳೆಯದೆ ಇಡೀ ಶ್ರೇಯವನ್ನು ಒಬ್ಬರಿಗೆ ಬರೆಯುವುದು ಸರಿಯಲ್ಲ. ಎರಡನೆಯದು ಇನ್ನೂ ಮುಖ್ಯ. ಕೊನೆಯ ಸರದಿ ಆರಂಭವಾಗುವಾಗ ನೇಪಾಳ 49 ಅಂಕ ಹಿಂದಿತ್ತು. ಗೆಲ್ಲಲು 25 ಔಟ್‌ಗಳು ಬೇಕಿದ್ದವು. ಫೈನಲ್‌ನಲ್ಲಿ ಯಾವ ತಂಡವೂ ಒಂದು ಸರದಿಯಲ್ಲಿ 19ಕ್ಕಿಂತ ಹೆಚ್ಚು ಔಟ್ ಮಾಡಿರಲಿಲ್ಲ. ಪಂದ್ಯದ ದಿಕ್ಕನ್ನು ಮೂರನೆಯ ಸರದಿಯೇ ಬಹುತೇಕ ತೀರ್ಮಾನಿಸಿತ್ತು. ಚೈತ್ರಾ ಅವರ ಓಟ ಸೋಲನ್ನು ಗೆಲುವಾಗಿ ಬದಲಿಸಲಿಲ್ಲ. ಗೆಲುವಿನ ಬಾಗಿಲಿಗೆ ಅಗುಳಿ ಹಾಕಿತು. ಎರಡೂ ಕೆಲಸಗಳಿಗೆ ಬೆಲೆಯಿದೆ, ಆದರೆ ಅವು ಒಂದೇ ಅಲ್ಲ.

ಹಿಂದಿನ ಪಂದ್ಯಗಳನ್ನೂ ಗಮನಿಸಬೇಕು. ದಕ್ಷಿಣ ಕೊರಿಯಾ (175–18), ಇರಾನ್ (100–16), ಮಲೇಷ್ಯಾ (100–20), ಕ್ವಾರ್ಟರ್ ಫೈನಲ್‌ನಲ್ಲಿ ಬಾಂಗ್ಲಾದೇಶ (109–16), ಸೆಮಿಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ (66–16) – ಈ ಐದು ತಂಡಗಳು ಸೇರಿ ಭಾರತದ ವಿರುದ್ಧ ಗಳಿಸಿದ್ದು 86 ಅಂಕ. ನೇಪಾಳವೊಂದೇ 40 ಗಳಿಸಿತು. ಭಾರತದ ಓಡುವವರಿಗೆ ನಿಜವಾದ ಪರೀಕ್ಷೆ ಎದುರಾದದ್ದು ಫೈನಲ್‌ನಲ್ಲಿ ಮಾತ್ರ. ಆ ಪರೀಕ್ಷೆಯಲ್ಲಿ ಈ ಬ್ಯಾಚ್ ನಿಂತಿತು ಎಂಬುದೇ ತೀರ್ಪುಗಾರರ ಆಯ್ಕೆಗೆ ಸಮರ್ಥನೆ.

ಬ್ಯಾಸ್ಕೆಟ್‌ಬಾಲ್ ಕಲಿಸುವ ಪಾಠ

ಇಂಥ ಮೌಲ್ಯಮಾಪನದಲ್ಲಿ ಅತಿ ಹೆಚ್ಚು ಚರ್ಚೆ ನಡೆದಿರುವುದು ಬ್ಯಾಸ್ಕೆಟ್‌ಬಾಲ್‌ನಲ್ಲಿ. ದೂರದಿಂದ ಎಸೆದ ಚೆಂಡು ಬುಟ್ಟಿಗೆ ಬಿದ್ದರೆ 3 ಅಂಕ, ಹತ್ತಿರದಿಂದಾದರೆ 2. ನೂರಕ್ಕೆ 35 ಬಾರಿ ಗುರಿ ಮುಟ್ಟುವ ದೂರದ ಎಸೆತಗಾರ ಪ್ರತಿ ಎಸೆತಕ್ಕೆ ಸರಾಸರಿ 1.05 ಅಂಕ ತಂದರೆ, ನೂರಕ್ಕೆ 50 ಬಾರಿ ಗುರಿ ಮುಟ್ಟುವ ಹತ್ತಿರದ ಎಸೆತಗಾರ ತರುವುದು 1 ಅಂಕ. ಹೆಚ್ಚು ಬಾರಿ ತಪ್ಪುವವನೇ ಇಲ್ಲಿ ಹೆಚ್ಚು ಉಪಯುಕ್ತ. ಆದರೆ ಆತ ಯಾವಾಗ, ಎಲ್ಲಿಂದ ಎಸೆಯುತ್ತಾನೆ ಎಂಬ ವಿವೇಚನೆ ತಪ್ಪಿದರೆ ಲೆಕ್ಕ ತಲೆಕೆಳಗಾಗುತ್ತದೆ.

ಅಮೆರಿಕದ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡದಲ್ಲಿದ್ದ ಕ್ಲೇ ಥಾಂಪ್ಸನ್ 2015ರ ಜನವರಿ 23ರಂದು ಸ್ಯಾಕ್ರಮೆಂಟೊ ಕಿಂಗ್ಸ್ ವಿರುದ್ಧ 12 ನಿಮಿಷಗಳ ಒಂದೇ ಕಾಲುಭಾಗದಲ್ಲಿ 37 ಅಂಕ ಗಳಿಸಿದರು. ಎಸೆದ 13 ಎಸೆತಗಳಲ್ಲಿ ಒಂದೂ ತಪ್ಪಲಿಲ್ಲ. ಅದೇ ಆಟಗಾರ 2024ರ ಏಪ್ರಿಲ್ 16ರಂದು ಅದೇ ಎದುರಾಳಿಯ ವಿರುದ್ಧ, ಸೋತರೆ ಋತುವೇ ಮುಗಿಯುವ ಪಂದ್ಯದಲ್ಲಿ, 10 ಎಸೆತ ಎಸೆದು ಒಂದನ್ನೂ ಬುಟ್ಟಿಗೆ ಹಾಕಲಾಗದೆ ನಿರ್ಗಮಿಸಿದರು. ಒಂದು ದಿನದ ಆಟವನ್ನು ಮಾತ್ರ ಕಂಡವರು ಅವರನ್ನು ಅಪ್ರತಿಮ ಎನ್ನಬಹುದು, ಇಲ್ಲವೇ ಅಯೋಗ್ಯ ಎನ್ನಬಹುದು.

‘ಕೈ ಕುದುರಿದೆ’ ಎಂಬ ನಂಬಿಕೆಯನ್ನು ಥಾಮಸ್ ಗಿಲೋವಿಚ್, ರಾಬರ್ಟ್ ವಲೋನ್ ಮತ್ತು ಏಮಸ್ ಟ್ವೆರ್ಸ್ಕಿ 1985ರ ಅಧ್ಯಯನದಲ್ಲಿ ಪರೀಕ್ಷಿಸಿದರು. ಹಿಂದಿನ ಎಸೆತಗಳು ಗುರಿ ಮುಟ್ಟಿದವೆಂದು ಮುಂದಿನದು ಮುಟ್ಟುವ ಸಾಧ್ಯತೆ ಹೆಚ್ಚುವುದಿಲ್ಲ ಎಂಬುದು ಅವರ ನಿಷ್ಕರ್ಷೆ. ಜೋಶುವಾ ಮಿಲ್ಲರ್ ಮತ್ತು ಆಡಮ್ ಸಾಂಹುರ್ಹೊ 2018ರಲ್ಲಿ ಆ ಲೆಕ್ಕದ ವಿಧಾನದಲ್ಲೇ ಸೂಕ್ಷ್ಮ ದೋಷವಿದೆಯೆಂದು ತೋರಿಸಿದರು. ದೋಷ ಸರಿಪಡಿಸಿದಾಗ ಕೈ ಕುದುರುವುದು ಸಂಪೂರ್ಣ ಭ್ರಮೆಯಲ್ಲ ಎಂದು ಕಂಡುಬಂತು. ಈ ವಾದದಿಂದ ಶಿಕ್ಷಕರು ಮತ್ತು ಆಯ್ಕೆಗಾರರು ಪಡೆಯಬಹುದಾದ ಪಾಠ ಒಂದೇ. ಕಣ್ಣಿಗೆ ಕಂಡ ಅಬ್ಬರವನ್ನು ಪೂರ್ತಿ ನಂಬಬಾರದು, ಪೂರ್ತಿ ತಳ್ಳಿಹಾಕಲೂಬಾರದು, ಬರೆದಿಟ್ಟು ನೋಡಬೇಕು.

ಆಯ್ಕೆಯ ಕ್ಷಣಗಳು

ಖೋ ಖೋದಲ್ಲಿಯೂ ಎಸೆತದ ಆಯ್ಕೆಗೆ ಸಮನಾದ ನಿರ್ಧಾರಗಳಿವೆ. ಬೆನ್ನಟ್ಟುವವರು ಒಮ್ಮೆ ದಿಕ್ಕು ಹಿಡಿದ ಮೇಲೆ ಕಂಬ ತಲುಪುವವರೆಗೆ ಹಿಂದಿರುಗುವಂತಿಲ್ಲ, ನಡುಗೆರೆ ದಾಟುವಂತಿಲ್ಲ. ಮೈಚೆಲ್ಲಿ ಜಿಗಿದು ಮುಟ್ಟಲು ಹೋದರೆ ಔಟ್ ಸಿಗಬಹುದು. ತಪ್ಪಿದರೆ ನೆಲದಿಂದೇಳುವಷ್ಟರಲ್ಲಿ ಓಡುವವರು ಆಚೆ ಬದಿಯಲ್ಲಿರುತ್ತಾರೆ. ಜಿಗಿಯುವುದೋ, ಕುಳಿತ ಜೊತೆಗಾರರಿಗೆ ‘ಖೋ’ ಕೊಡುವುದೋ ಎಂಬುದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನಿಸಬೇಕು.

ಓಡುವವರಿಗೆ ದಿಕ್ಕಿನ ಕಟ್ಟುಪಾಡಿಲ್ಲ. ಅವರ ಆಯ್ಕೆ ಬೇರೆ ಬಗೆಯದು: ಕುಳಿತವರ ನಡುವೆ ಹಾವಿನಂತೆ ನುಸುಳುತ್ತ ಹೋಗುವುದೋ, ಸುತ್ತು ಹಾಕಿ ಓಡುವುದೋ, ಕಂಬದ ಬಳಿ ಕಾದು ಕೊನೆಯ ಗಳಿಗೆಯಲ್ಲಿ ತಪ್ಪಿಸಿಕೊಳ್ಳುವುದೋ. ಚಪ್ಪಾಳೆ ಗಿಟ್ಟಿಸುವ ಸಾಹಸಕ್ಕೆ ಬೇಗ ಕೈಹಾಕಿದವರು ಬೇಗ ಔಟಾಗುತ್ತಾರೆ. ಅನಿವಾರ್ಯವಾದಾಗ ಮಾತ್ರ ಅಪಾಯ ಎದುರಿಸುವವರು ನಿಮಿಷಗಟ್ಟಲೆ ಉಳಿಯುತ್ತಾರೆ. ಐದು ನಿಮಿಷ ದಾಟಿದ ಓಟದಲ್ಲಿ ಕಾಲಿನ ವೇಗದಷ್ಟೇ ಈ ತಾಳ್ಮೆಯ ಪಾಲೂ ಇರುತ್ತದೆ. ಆದರೆ ಅಂಕಪಟ್ಟಿಯಲ್ಲಿ ತಾಳ್ಮೆಗೆ ಕಾಲಂ ಇಲ್ಲ.

ಸರ್ಕಾರ ಕಟ್ಟಿದ ಬೆಲೆ

ಮೈದಾನದ ಹೊರಗೂ ಈ ಓಟಕ್ಕೆ ಬೆಲೆ ಕಟ್ಟುವ ಪ್ರಸಂಗ ಬಂತು. ವಿಶ್ವಕಪ್ ಗೆದ್ದ ಮಹಿಳಾ ತಂಡದ ಚೈತ್ರಾ ಮತ್ತು ಪುರುಷರ ತಂಡದ ಎಂ.ಕೆ. ಗೌತಮ್ ಅವರಿಗೆ ರಾಜ್ಯ ಸರ್ಕಾರ 2025ರ ಜನವರಿಯಲ್ಲಿ ತಲಾ 5 ಲಕ್ಷ ರೂ. ಬಹುಮಾನ ಘೋಷಿಸಿತು. ಇಬ್ಬರೂ ಅದನ್ನು ಸ್ವೀಕರಿಸಲು ನಿರಾಕರಿಸಿದರು. ಮಹಾರಾಷ್ಟ್ರ ತನ್ನ ಆಟಗಾರರಿಗೆ 2.25 ಕೋಟಿ ರೂ. ಹಾಗೂ ಸರ್ಕಾರಿ ಉದ್ಯೋಗ ನೀಡುತ್ತಿರುವುದನ್ನು ಅವರು ಉದಾಹರಿಸಿದ್ದರು. ಬಹುಮಾನ ಘೋಷಣೆಯಾದಾಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯ ಅವರು 2023ರಲ್ಲಿ ಆಯ್ಕೆಯಾದ ವರುಣಾ ಕ್ಷೇತ್ರಕ್ಕೆ ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಹಳ್ಳಿಗಳೂ ಸೇರಿವೆ. ಹೀಗಾಗಿ ಆ ನಿರಾಕರಣೆ ಈ ಭಾಗದಲ್ಲಿ ಕೇವಲ ಕ್ರೀಡಾ ಸುದ್ದಿಯಾಗಿ ಉಳಿಯಲಿಲ್ಲ.

ಒಂದೇ ತಂಡದಲ್ಲಿ ಆಡಿ ಒಂದೇ ಕಪ್ ಎತ್ತಿದವರ ನಡುವೆ ರಾಜ್ಯದ ಗಡಿ 45 ಪಟ್ಟು ವ್ಯತ್ಯಾಸ ತಂದರೆ ಅಳತೆಗೋಲಿನ ಬಗ್ಗೆ ಪ್ರಶ್ನೆ ಏಳುವುದು ಸಹಜ. ಕ್ರಿಕೆಟಿಗನ ಸರಾಸರಿಯಂತೆ ಮುಂದಿಡಲು ಖೋ ಖೋ ಆಟಗಾರ್ತಿಯ ಬಳಿ ದಾಖಲೆಗಳು ಕಡಿಮೆ. 2022ರಲ್ಲಿ ಪುಣೆಯಲ್ಲಿ ಆರಂಭವಾದ ಅಲ್ಟಿಮೇಟ್ ಖೋ ಖೋ ಲೀಗ್‌ನ ಮೊದಲ ಎರಡು ಆವೃತ್ತಿಗಳು ಪುರುಷರಿಗೆ ಮೀಸಲಾಗಿದ್ದವು. ಅಲ್ಲಿ ಆಡಿದವರ ಪ್ರತಿ ಸೆಕೆಂಡೂ ದೂರದರ್ಶಕದ ಮುಂದೆ ದಾಖಲಾಯಿತು. ಹೆಣ್ಣುಮಕ್ಕಳಿಗೆ ಆ ಅವಕಾಶವಿರಲಿಲ್ಲ. ದಾಖಲೆಯಿಲ್ಲದ ಆಟಕ್ಕೆ ಬೆಲೆ ಕಟ್ಟುವಾಗ ಅಂದಾಜು ಮತ್ತು ಔದಾರ್ಯಗಳೇ ಮಾನದಂಡವಾಗುತ್ತವೆ.

ಆಯ್ಕೆ ಆರಂಭವಾಗುವುದು ತಾಲ್ಲೂಕಿನಲ್ಲಿ

ಈ ಕೊರತೆಯ ಬೇರು ಕೆಳಹಂತದಲ್ಲಿದೆ. ಶಾಲಾ ಕ್ರೀಡಾಕೂಟಗಳಾಗಲಿ, ದಸರಾ ಕ್ರೀಡಾಕೂಟವಾಗಲಿ ತಾಲ್ಲೂಕಿನಿಂದ ಜಿಲ್ಲೆಗೆ, ಅಲ್ಲಿಂದ ವಿಭಾಗಕ್ಕೆ, ರಾಜ್ಯಕ್ಕೆ ಎಂದು ಮೆಟ್ಟಿಲೇರುತ್ತವೆ. ಕೆಳಗಿನ ಮೆಟ್ಟಿಲಲ್ಲಿ ಸೋತ ತಂಡದ ಪಾಲಿಗೆ ಆ ವರ್ಷ ಅಲ್ಲಿಗೇ ಮುಗಿಯುತ್ತದೆ. ಆ ದಿನ ಎರಡು ಬಾರಿ ಬೇಗ ಔಟಾದ ಹುಡುಗಿ ಮತ್ತೆ ಆಯ್ಕೆಗಾರರ ಕಣ್ಣಿಗೆ ಬೀಳಲು ಮುಂದಿನ ವರ್ಷದವರೆಗೆ ಕಾಯಬೇಕು. ಹತ್ತು ದಿನಗಳಲ್ಲಿ ಎಂಟು ದಿನ ಎರಡೆರಡು ನಿಮಿಷ ನಿಲ್ಲುವವಳಿಗಿಂತ, ಆಯ್ಕೆಯ ದಿನ ಮಾತ್ರ ಮೂರು ನಿಮಿಷ ನಿಂತವಳಿಗೆ ಅವಕಾಶ ದೊರೆಯಬಹುದು. ಥಾಂಪ್ಸನ್ ಅವರ ಆ 12 ನಿಮಿಷಗಳನ್ನೋ ಆ 10 ಎಸೆತಗಳನ್ನೋ ಮಾತ್ರ ನೋಡಿ ತೀರ್ಪು ನೀಡಿದರೆ ಆಗುವ ತಪ್ಪು ಇದೇ.

ಪರಿಹಾರಕ್ಕೆ ಹಣ ಬೇಕಿಲ್ಲ. ಖೋ ಖೋ ಆಟಕ್ಕೆ ಎರಡು ಕಂಬ ಮತ್ತು ಹದವಾದ ನೆಲ ಸಾಕಾಗುವಂತೆ, ಈ ದಾಖಲೆಗೂ ಒಂದು ಗಡಿಯಾರ ಮತ್ತು ನೋಟ್‌ಬುಕ್ ಸಾಕು. ಅಭ್ಯಾಸದ ದಿನಗಳಲ್ಲೂ ಯಾವ ಬ್ಯಾಚ್ ಎಷ್ಟು ಸೆಕೆಂಡು ನಿಂತಿತು, ಯಾರು ಮೊದಲು ಔಟಾದರು, ಬೆನ್ನಟ್ಟುವವರು ಎಷ್ಟು ಬಾರಿ ಜಿಗಿದು ಎಷ್ಟು ಬಾರಿ ಮುಟ್ಟಿದರು ಎಂಬುದನ್ನು ಬರೆದಿಟ್ಟರೆ ಒಂದು ಋತುವಿನಲ್ಲೇ ಚಿತ್ರ ಸ್ಪಷ್ಟವಾಗುತ್ತದೆ. ತಾಲ್ಲೂಕು ಮಟ್ಟದ ಆಯ್ಕೆಗೆ ಈ ಪುಸ್ತಕವನ್ನೂ ಪರಿಗಣಿಸಬೇಕೆಂಬ ನಿಯಮ ಬಂದರೆ ಒಂದು ದಿನದ ಅದೃಷ್ಟದ ಪಾಲು ಕಡಿಮೆಯಾದೀತು.

ಕುರುಬೂರಿನ ರೈತ ಕುಟುಂಬದ ಮಗಳೊಬ್ಬಳು ದೆಹಲಿಯ ಅಂಗಣದಲ್ಲಿ 5 ನಿಮಿಷ 14 ಸೆಕೆಂಡು ನಿಂತದ್ದು ಜಗತ್ತಿಗೆ ಕಂಡಿತು, ಏಕೆಂದರೆ ಅಲ್ಲಿ ಗಡಿಯಾರ ಓಡುತ್ತಿತ್ತು. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಶಾಲಾ ಮೈದಾನಗಳಲ್ಲಿ ಅಷ್ಟೇ ಹೊತ್ತು ನಿಲ್ಲಬಲ್ಲ ಹುಡುಗಿಯರು ಇನ್ನೂ ಇರಬಹುದು. ಅವರ ಸೆಕೆಂಡುಗಳನ್ನೂ ಯಾರಾದರೂ ಎಣಿಸಬೇಕು.