ಕಾಯಕದ ಕಾಯವನ್ನು ಕಂಡು ಚಿತ್ರಿಸಬೇಕು

ಕಾಯಕವೆಂಬ ಮಾತು ಕಾಯದಿಂದಲೇ ಬಂದುದು. ದೇಹವನ್ನು ದಂಡಿಸಿ ಸತ್ಯಶುದ್ಧವಾಗಿ ಮಾಡುವ ದುಡಿಮೆಯನ್ನು ಹನ್ನೆರಡನೆಯ ಶತಮಾನದ ಶರಣರು ಪೂಜೆಯ ಸಮಕ್ಕೆ ಏರಿಸಿದರು. ಮಡಿವಾಳ ಮಾಚಯ್ಯನವರು ಬಟ್ಟೆ ಒಗೆದರು; ಅಂಬಿಗರ ಚೌಡಯ್ಯನವರು ದೋಣಿ ನಡೆಸಿದರು; ನುಲಿಯ ಚಂದಯ್ಯನವರು ಹಗ್ಗ ಹೊಸೆದರು. ಆದರೆ ನಮ್ಮ ಮಕ್ಕಳ ಕೈಗೆ ಬರುವ ಎಷ್ಟೋ ಪುಸ್ತಕಗಳಲ್ಲಿ ಮಾಚಯ್ಯನವರು ಮಡಿಸಿದ ಬಟ್ಟೆಯನ್ನು ತೋಳಿನ ಮೇಲಿರಿಸಿಕೊಂಡು ನೆಟ್ಟಗೆ ನಿಂತಿರುತ್ತಾರೆ. ಚೌಡಯ್ಯನವರು ಹುಟ್ಟನ್ನು ರಾಜದಂಡದಂತೆ ಹಿಡಿದಿರುತ್ತಾರೆ. ಬಟ್ಟೆ ನೆನೆದಿಲ್ಲ, ಬೆನ್ನು ಬಾಗಿಲ್ಲ, ತೋಳಿನ ನರ ಬಿಗಿದಿಲ್ಲ. ಇಂತಹ ಚಿತ್ರವನ್ನು ನೋಡಿದ ಮಗುವಿಗೆ ಕಾಯಕದ ಹೆಸರು ತಿಳಿದೀತೇ ಹೊರತು ಅದರ ಶ್ರಮ ತಿಳಿಯದು.

ಇದಕ್ಕೆ ಕಲಾವಿದರ ಭಕ್ತಿಯ ಕೊರತೆ ಕಾರಣವಲ್ಲ. ಕಣ್ಣಾರೆ ಕಂಡು ಬರೆಯುವ ಅಭ್ಯಾಸದ ಕೊರತೆಯೇ ಕಾರಣ. ಇಂದು ನಮ್ಮ ಮನೆತನಗಳ ತರುಣ ತರುಣಿಯರು ಇಲಸ್ಟ್ರೇಷನ್ ಎಂದು ಕರೆಯಲಾಗುವ, ಕಥೆ ಪುಸ್ತಕಗಳಿಗೆ ಚಿತ್ರ ಬರೆಯುವ ವಿದ್ಯೆಯನ್ನು ಕಲಿಯುತ್ತಿದ್ದಾರೆ. ಅವರನ್ನೂ ಅವರ ತಂದೆತಾಯಿಗಳನ್ನೂ ಉದ್ದೇಶಿಸಿ ಈ ಸಂಚಿಕೆಯಲ್ಲಿ ನಾಲ್ಕು ಮಾತುಗಳನ್ನು ಹೇಳಬಯಸುತ್ತೇವೆ.

ಚಿತ್ರಾಭ್ಯಾಸದ ಮೊದಲ ತೊಡಕು ಮನಸ್ಸೇ. ಎದುರಿಗಿರುವವನು ನಮ್ಮತ್ತ ಕೈಚಾಚಿದರೆ ಆ ತೋಳು ಕಣ್ಣಿಗೆ ಗಿಡ್ಡಾಗಿ ಕಾಣುತ್ತದೆ. ಆದರೆ ತೋಳು ಉದ್ದವೆಂದು ಮನಸ್ಸಿಗೆ ಗೊತ್ತು. ಅದು ಕಣ್ಣಿನ ಮಾತನ್ನು ತಳ್ಳಿಹಾಕಿ ಉದ್ದವಾಗಿಯೇ ಬರೆಸುತ್ತದೆ. ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿಕೊಂಡು ದೃಷ್ಟಿ ನಿಲ್ಲಿಸುವ ಸಾಧಕರಿಗೆ ಮನದ ಈ ಓಟ ಪರಿಚಿತ. ಚಂಚಲವಾದ ನೋಟವನ್ನು ಮತ್ತೆ ಮತ್ತೆ ಕರೆತಂದು ನಿಲ್ಲಿಸುವುದೇ ಅಲ್ಲಿ ಸಾಧನೆ. ಪೂಜೆಗೂ ಚಿತ್ರಕ್ಕೂ ಗುರಿ ಬೇರೆಯಾದರೂ ನೋಟವನ್ನು ಪಳಗಿಸುವ ಕ್ರಮದಲ್ಲಿ ಹೋಲಿಕೆಯುಂಟು. ವಿದ್ಯಾರ್ಥಿಯು ಹಾಳೆಯನ್ನು ನೋಡುವುದಕ್ಕಿಂತ ಹೆಚ್ಚಾಗಿ ಎದುರಿನ ವ್ಯಕ್ತಿಯನ್ನು ನೋಡಬೇಕು.

ನೋಟಕ್ಕೆ ಅಳತೆಯ ನೆರವೂ ಬೇಕು. ತೋಳನ್ನು ನೇರವಾಗಿ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲಿನ ಮೇಲೆ ಹೆಬ್ಬೆರಳಿನಿಂದ ತಲೆಯ ಉದ್ದವನ್ನು ಗುರುತಿಸಿಕೊಂಡು ಅದರಿಂದ ಇಡೀ ದೇಹವನ್ನು ಅಳೆಯಬಹುದು. ನಿಂತ ಪ್ರೌಢ ವ್ಯಕ್ತಿಯ ಎತ್ತರ ಸಾಮಾನ್ಯವಾಗಿ 7ರಿಂದ 7½ ತಲೆಗಳಷ್ಟು. ಒಂದು ವರ್ಷದ ಕೂಸಿನದು ಸುಮಾರು 4. ಶಿಲ್ಪಶಾಸ್ತ್ರದ ನವತಾಲ, ದಶತಾಲ ಪ್ರಮಾಣಗಳು ದೇವತಾಮೂರ್ತಿಗಳಿಗೆ ಸಲ್ಲುವವು. ಸಂತೆಯಲ್ಲಿ ಮೂಟೆ ಹೊತ್ತವನಿಗೆ ಅವನ್ನು ಹೊಂದಿಸಿದರೆ ಹೊರೆಯೂ ಕಾಣದು, ಮನುಷ್ಯನೂ ಕಾಣನು. ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತವನ ಕಂಠಕೂಪದಿಂದ ತೂಗುಗುಂಡಿನ ದಾರ ಇಳಿಬಿಟ್ಟಂತೆ ಊಹಿಸಿಕೊಂಡರೆ ಅದು ಬಹುಮಟ್ಟಿಗೆ ಆ ಕಾಲಿನ ಪಾದದ ಬಳಿಗೇ ಇಳಿಯುತ್ತದೆ. ಇದು ತಪ್ಪಿದರೆ ಚಿತ್ರದ ವ್ಯಕ್ತಿ ಬೀಳುವಂತೆ ತೋರುತ್ತಾನೆ.

ದುಡಿಯುವವರು ಚಿತ್ರಕ್ಕಾಗಿ ನಿಲ್ಲುವವರಲ್ಲ. ಹಾಗಿದ್ದ ಮೇಲೆ ಬರೆಯುವುದೆಂತು ಎಂಬ ಪ್ರಶ್ನೆ ಸಹಜ. ಕಾಯಕದ ಚಲನೆ ಮರುಕಳಿಸುತ್ತದೆ ಎಂಬುದರಲ್ಲಿಯೇ ಇದಕ್ಕೆ ಉತ್ತರವಿದೆ. ಹೊಳೆಯಲ್ಲಿ ಬಟ್ಟೆ ಒಗೆಯುವವರು ಬಟ್ಟೆಯನ್ನು ಹೆಗಲ ಮೇಲಕ್ಕೆ ಎತ್ತುತ್ತಾರೆ, ಸೊಂಟ ತಿರುಗಿಸುತ್ತಾರೆ, ಕಲ್ಲಿಗೆ ಬಡಿಯುತ್ತಾರೆ, ಮತ್ತೆ ಎತ್ತುತ್ತಾರೆ. ಒಂದೇ ಹಾಳೆಯಲ್ಲಿ ಎತ್ತುವ, ತಿರುಗುವ, ಬಡಿಯುವ ಮೂರು ಚಿತ್ರಗಳನ್ನು ಒಟ್ಟಿಗೆ ಆರಂಭಿಸಿ, ಆಯಾ ಭಂಗಿ ಮರಳಿ ಬಂದಾಗ ಆಯಾ ಚಿತ್ರಕ್ಕೆ ಒಂದೊಂದು ಗೆರೆ ಸೇರಿಸುತ್ತ ಹೋಗಬೇಕು. ಮೊದಲು ನೆತ್ತಿಯಿಂದ ಹಿಮ್ಮಡಿಯವರೆಗಿನ ಬಾಗು, ಅನಂತರ ಭುಜ ಮತ್ತು ಸೊಂಟದ ಓರೆ, ಕೊನೆಯಲ್ಲಿ ಬೆರಳು, ಮುಖ, ಬಟ್ಟೆಯ ಮಡಿಕೆ. ಮನೆಯಲ್ಲಿಯೂ 1 ನಿಮಿಷ, 2 ನಿಮಿಷ, 5 ನಿಮಿಷಗಳ ಅವಧಿ ಇಟ್ಟುಕೊಂಡು ರೊಟ್ಟಿ ಬಡಿಯುವ ತಾಯಿಯನ್ನೋ ಹೂ ಕಟ್ಟುವ ಅಜ್ಜಿಯನ್ನೋ ನಿತ್ಯ ಬರೆಯಬಹುದು. ಮೊಬೈಲಿನಲ್ಲಿ ಫೋಟೋ ತೆಗೆದು ಬರೆದರಾಗದೇ ಎನ್ನಬಹುದು. ಫೋಟೋ ಒಂದು ಕ್ಷಣವನ್ನು ಹಿಡಿಯುತ್ತದೆ. ಆ ಭಂಗಿಯ ಹಿಂದಿನದನ್ನೂ ಮುಂದಿನದನ್ನೂ ಕಂಡ ಕಣ್ಣಿಗೆ ಮಾತ್ರ ದುಡಿಮೆಯ ಲಯ ತಿಳಿಯುತ್ತದೆ. ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿ 1996ರಲ್ಲಿ ನಿಧನರಾದ ಕಲಾವಿದ ಕೆ. ಕೆ. ಹೆಬ್ಬಾರರು ದೇಹದ ಲಯವನ್ನು ಅರಿಯಲೆಂದೇ ಕಥಕ್ ನೃತ್ಯವನ್ನು ಅಭ್ಯಸಿಸಿದರು. ಅವರ ರೇಖೆಗಳಲ್ಲಿರುವ ಓಟಕ್ಕೆ ಅಂತಹ ಶ್ರದ್ಧೆ ಹಿನ್ನೆಲೆಯಾಗಿದೆ.

ಇನ್ನು ಸ್ಥಳದ ಚಿತ್ರಣ. ಸ್ವಾತಂತ್ರ್ಯ ಹೋರಾಟಗಾರರೂ ಆಗಿದ್ದ ರುಮಾಲೆ ಚೆನ್ನಬಸವಯ್ಯನವರು (1910-1988) ಬೆಂಗಳೂರಿನ ಹೂಮರಗಳನ್ನು ಬಯಲಿನಲ್ಲಿ ನಿಂತು, ಆಯಾ ಹೊತ್ತಿನ ಬೆಳಕಿನಲ್ಲಿಯೇ ಚಿತ್ರಿಸಿದವರು. ವಿದ್ಯಾರ್ಥಿಯು ಸಂತೆಗೋ ಜಾತ್ರೆಗೋ ಹೋದಾಗ ಮೊದಲು ತನ್ನ ಕಣ್ಣಿನ ಮಟ್ಟದ ಅಡ್ಡರೇಖೆಯನ್ನು ಹಾಳೆಯ ಮೇಲೆ ಗುರುತಿಸಿಕೊಳ್ಳಬೇಕು. ಸಮತಟ್ಟಾದ ನೆಲದಲ್ಲಿ ನಿಂತು ನೋಡಿದರೆ, ನಮ್ಮಷ್ಟೇ ಎತ್ತರದವರು ಹತ್ತಿರವಿರಲಿ ದೂರವಿರಲಿ, ಎಲ್ಲರ ಕಣ್ಣುಗಳೂ ಆ ರೇಖೆಯ ಮೇಲೆಯೇ ಇರುತ್ತವೆ. ಬದಲಾಗುವುದು ಪಾದಗಳ ಸ್ಥಾನ. ನೆಲದ ಮೇಲೆ ಕುಳಿತು ನೋಡಿದರೆ ಆ ರೇಖೆ ನಿಂತವರ ಸೊಂಟದ ಆಸುಪಾಸಿನಲ್ಲಿ ಹಾಯುತ್ತದೆ. ಕೂಡಲಸಂಗಮದಲ್ಲಿ ಐಕ್ಯಮಂಟಪವನ್ನು ಸುತ್ತುವರಿದ ಬಾವಿಯಾಕಾರದ ಗೋಡೆಯನ್ನು ಮೇಲಿನಿಂದ ನೋಡಿರಿ. ಕಣ್ಣಿನ ಮಟ್ಟಕ್ಕೆ ಹತ್ತಿರವಿರುವ ಸುತ್ತು ಚಪ್ಪಟೆಯಾಗಿಯೂ ಕೆಳಗಿಳಿದಂತೆ ದುಂಡಾಗಿಯೂ ಕಾಣುತ್ತದೆ. ಬಳಿಕ ಕಣ್ಣನ್ನು ಅರೆಮುಚ್ಚಿ ಬೆಳಕು, ನಸುನೆರಳು, ಕಡುನೆರಳು ಎಂದು ಮೂರೇ ಭಾಗ ಮಾಡಿಕೊಂಡು ದೊಡ್ಡ ಆಕಾರಗಳನ್ನು ಮುಗಿಸಿ, ಆಮೇಲೆ ಕುಸುರಿಗೆ ಕೈಹಾಕಬೇಕು.

ಒಂದು ಮರ್ಯಾದೆಯನ್ನು ಮಾತ್ರ ಮರೆಯಬಾರದು. ದುಡಿಯುವವರ ಎದುರು ಕುಳಿತು ಬರೆಯುವ ಮುನ್ನ ಅವರ ಒಪ್ಪಿಗೆ ಕೇಳಬೇಕು. ಬರೆದಾದ ಮೇಲೆ ಅವರಿಗೆ ತೋರಿಸಬೇಕು. ಹುಟ್ಟು ಹಿಡಿದ ಕೈ ತಪ್ಪಾಗಿದ್ದರೆ ಅಂಬಿಗನು ಒಡನೆಯೇ ಹೇಳುತ್ತಾನೆ. ಅವನಿಗಿಂತ ಬಲ್ಲ ಪರೀಕ್ಷಕರು ಬೇರಿಲ್ಲ.

ತಂದೆತಾಯಿಗಳೇ, ಮಗಳು ಸಂತೆಯ ಮೂಲೆಯಲ್ಲಿ ಪುಸ್ತಕ ಹಿಡಿದು ಎರಡು ತಾಸು ಕುಳಿತು ಬಂದರೆ ಹೊತ್ತು ಕಳೆದಳೆಂದು ಗದರದಿರಿ. ಮುಂದೊಂದು ದಿನ ಮಾಚಯ್ಯನವರ ಕಥೆಗೆ ಚಿತ್ರ ಬರೆಯುವವಳು ಅವಳೇ ಆದಾಳು. ಅಂದು ಅವಳ ಮಾಚಯ್ಯನವರು ಮೊಣಕಾಲುದ್ದ ನೀರಿನಲ್ಲಿ ನಿಂತು, ಬೆನ್ನು ಬಾಗಿಸಿ, ನೆನೆದ ಬಟ್ಟೆಯ ಭಾರವನ್ನು ಎತ್ತಲಿ.