ಕಲಿಕೆಯ ದಾರಿ: ಹೆಸರು ಹೊಸತು, ವಿಷಯ ನಮ್ಮದೇ

ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಕಲಿತ ಮಕ್ಕಳು ಇಂಜಿನಿಯರಿಂಗ್ ಕಾಲೇಜನ್ನು ಸೇರುವಾಗ ಮಕ್ಕಳಿಗಿಂತಲೂ ಹೆತ್ತವರಿಗೇ ಅಳುಕು ಹೆಚ್ಚು. ಥರ್ಮೋಡೈನಾಮಿಕ್ಸ್, ಫ್ಲೂಯಿಡ್ ಮೆಕ್ಯಾನಿಕ್ಸ್ ಎಂಬ ಹೆಸರುಗಳೇ ಬೆದರಿಸುವಂತಿವೆ. ಆದರೆ ಹೆಸರು ಹೊಸತಾದ ಮಾತ್ರಕ್ಕೆ ವಿಷಯವೂ ಅಪರಿಚಿತವೆಂದು ತಿಳಿಯಬೇಕಾಗಿಲ್ಲ.

ಮೊದಲನೆಯದು ಉಷ್ಣಕ್ಕೂ ತಾಪಮಾನಕ್ಕೂ ಇರುವ ಭೇದವನ್ನು ಬೋಧಿಸುತ್ತದೆ. ತೆರೆದ ಪಾತ್ರೆಯಲ್ಲಿ ನೀರು ಕುದಿಯತೊಡಗಿದ ಮೇಲೆ ಉರಿಯನ್ನು ಎಷ್ಟು ಹೆಚ್ಚಿಸಿದರೂ ತಾಪಮಾನವು ಸುಮಾರು 100 ಡಿಗ್ರಿ ಸೆಲ್ಸಿಯಸನ್ನು ದಾಟದು. ಒಂದು ಕಿಲೋಗ್ರಾಂ ನೀರನ್ನು 30 ಡಿಗ್ರಿಯಿಂದ ಅಲ್ಲಿಗೆ ಏರಿಸಲು ಸುಮಾರು 290 ಕಿಲೋಜೂಲ್ ಸಾಕು. ಪೂರ್ತಿ ಆವಿಯಾಗಿಸಲು ಮತ್ತೆ 2,257 ಕಿಲೋಜೂಲ್ ಬೇಕು. ಪ್ರೆಶರ್ ಕುಕ್ಕರಿನಲ್ಲಿ ಒತ್ತಡ ಏರುವುದರಿಂದ ಕುದಿಬಿಂದುವು 120 ಡಿಗ್ರಿಯ ಸಮೀಪಕ್ಕೆ ಹೋಗುತ್ತದೆ, ಬೇಳೆ ಬೇಗ ಬೇಯುತ್ತದೆ. ಕಾಲೇಜಿನ ‘ಸ್ಟೀಮ್ ಟೇಬಲ್’ ಕೋಷ್ಟಕದಲ್ಲಿರುವುದು ಇದೇ ಲೆಕ್ಕ.

ಎರಡನೆಯದು ಹರಿವಿನ ಶಾಸ್ತ್ರ. ನಲ್ಲಿಯನ್ನು ತುಸು ತೆರೆದರೆ ನೀರು ಗಾಜಿನ ಕಡ್ಡಿಯಂತೆ ನಯವಾಗಿ ಇಳಿಯುತ್ತದೆ. ಪೂರ್ತಿ ತಿರುಗಿಸಿದರೆ ಕಲಕಿಕೊಂಡು ಬೀಳುತ್ತದೆ. 1883ರಲ್ಲಿ ಮ್ಯಾಂಚೆಸ್ಟರಿನ ಪ್ರಾಧ್ಯಾಪಕ ಆಸ್ಬೋರ್ನ್ ರೆನಾಲ್ಡ್ಸ್ ಗಾಜಿನ ಕೊಳವೆಯ ನೀರಿನಲ್ಲಿ ಬಣ್ಣದ ಎಳೆಯನ್ನು ಹರಿಸಿ ಈ ಎರಡು ಬಗೆಗಳನ್ನು ವಿವರಿಸಿದರು. ಅವರ ಹೆಸರಿನ ಸಂಖ್ಯೆಯನ್ನು ವಿದ್ಯಾರ್ಥಿಗಳು ಇಂದಿಗೂ ಕಲಿಯುತ್ತಾರೆ.

ಆದುದರಿಂದ ಮೊದಲ ಪರೀಕ್ಷೆಯಲ್ಲಿ ಅಂಕ ಕುಸಿದರೆ ಕನ್ನಡ ಶಾಲೆಯನ್ನು ಹಳಿಯುವುದು ಬೇಡ. ಮಕ್ಕಳು ಟಿಪ್ಪಣಿ ಪುಸ್ತಕದ ಎಡಬದಿಗೆ ಇಂಗ್ಲಿಷ್ ಪದವನ್ನೂ ಬಲಬದಿಗೆ ಅದರ ಅರ್ಥವನ್ನು ಕನ್ನಡದಲ್ಲಿಯೂ ಬರೆದುಕೊಳ್ಳಲಿ. ಸಮೀಕರಣಕ್ಕೆ ಮೊದಲು, ಉಷ್ಣವು ಎಲ್ಲಿಂದ ಎಲ್ಲಿಗೆ ಹೋಗುತ್ತಿದೆಯೆಂದು ಮನೆಮಾತಿನಲ್ಲೇ ಹೇಳಿಕೊಳ್ಳಲಿ. ಉತ್ತರವನ್ನು ಇಂಗ್ಲಿಷಿನಲ್ಲಿ ಬರೆಯಬೇಕಾದರೂ ತಿಳಿವು ಕನ್ನಡದಲ್ಲಿ ಬೇರೂರುವುದಕ್ಕೆ ಅಡ್ಡಿಯಿಲ್ಲ.